ಎರಡು ಮಂಡಿ, ನಡುವೆ ಒಂದು ದಿಂಬು

ಏಳನೇ ತಿಂಗಳಲ್ಲಿ ನನಗೆ ವೈರಿ ಅಂತ ಇದ್ದಿದ್ದು ನಮ್ಮನೆ ಮೆಟ್ಟಿಲು. ಸೋಮವಾರಪೇಟೆ ಹತ್ತಿರದ ತೋಟದ ಮನೆ. ರಸ್ತೆಯಿಂದ ಅಂಗಳಕ್ಕೆ 14 ಕಲ್ಲು ಮೆಟ್ಟಿಲು, ಆಗಸ್ಟ್ ಮಳೆಗೆ ಪಾಚಿ ಬೇರೆ. ಒಂದು ಕಾಲು ಎತ್ತಿಟ್ಟರೆ ಸಾಕು, ತೊಡೆಸಂದಿನ ನಡುವಿನ ಮೂಳೆಯಲ್ಲಿ ಚಳುಕು, ಕೆಲವೊಮ್ಮೆ 'ಕಟಕ್' ಅಂತ ಸದ್ದು. ರಾತ್ರಿ ಮಗ್ಗುಲು ಬದಲಾಯಿಸಬೇಕಾದರೆ ಇವರನ್ನು ಎಬ್ಬಿಸಬೇಕಿತ್ತು.

ತಪಾಸಣೆಗೆ ಹೋದಾಗ ಹೇಳಿದೆ. 'ಬಸುರಿ ಅಂದ ಮೇಲೆ ಇದೆಲ್ಲ ಇದ್ದಿದ್ದೇ' ಅಂತ ಮುಂದಿನ ಚೀಟಿ ಕರೆದರು. ಅತ್ತೆಯದ್ದೂ ಅದೇ ಮಾತು, 'ನಾವು ತುಂಬಿದ ಬಸುರಿಯಲ್ಲೂ ಕಾಫಿ ಕುಯ್ದವರು.'

ಕೊನೆಗೆ ಗೆಳತಿಯೊಬ್ಬಳು ಮಡಿಕೇರಿಯಲ್ಲಿ ಪಿಲಾಟೆಸ್ ಅನ್ನುವ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಇದ್ದಾರೆ ಅಂದಳು. ಡಾಕ್ಟರನ್ನು ಕೇಳಿ, ಅಡ್ಡಿಯಿಲ್ಲ ಅನ್ನಿಸಿಕೊಂಡು, ಮಾದಾಪುರದ ಮೇಲೆ ಆ ತಿರುವುಗಳನ್ನೆಲ್ಲ ಸಹಿಸಿಕೊಂಡು ಹೋದೆ. ಅದು ಕಕ್ಕಡ 18ರ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ ಕೊಡಗಿನವರು ಮದ್ದುಸೊಪ್ಪಿನ ಪಾಯಸ ಮಾಡಿ ತಿನ್ನುವ ದಿನದ, ಮಾರನೇ ದಿನ. ಪಕ್ಕದ ಮನೆಯಿಂದ ಬಂದ ಮದ್ದುಪಾಯಸವನ್ನು ಅತ್ತೆ ನನಗೆ ಕಾಣದ ಹಾಗೆ ಎತ್ತಿಟ್ಟಿದ್ದರು. ತಿಂದರೆ ಮೂತ್ರ ಕೆಂಪಾಗುತ್ತಲ್ಲ, ಬಸುರಿ ಅದನ್ನು ನೋಡಿ ಹೆದರಿದರೆ ಅಂತ!

ಪಿಲಾಟೆಸ್ ಅಂದರೆ ಫೋನಿನಲ್ಲಿ ನೋಡಿದ್ದೆ, ಮಶೀನಿನ ಮೇಲೆ ಕಾಲು ಚಾಚುವ ತೆಳ್ಳಗಿನ ಹುಡುಗಿಯರು. ಜೋಸೆಫ್ ಪಿಲಾಟೆಸ್ ಅನ್ನುವ ಜರ್ಮನ್ ಮನುಷ್ಯ ಕಟ್ಟಿದ ಪದ್ಧತಿ, ಅದಕ್ಕೇ ಆ ಹೆಸರು ಅಂತ ಅವತ್ತು ಗೊತ್ತಾಯಿತು. ಆದರೆ ಆಕೆ ಮೊದಲು ಮಾಡಿಸಿದ್ದು ವ್ಯಾಯಾಮವನ್ನೇ ಅಲ್ಲ. 'ಕುರ್ಚಿಯಿಂದ ಎದ್ದು ತೋರಿಸಿ' ಅಂದರು. ಎದ್ದೆ. 'ಒಂದು ಕಾಲಿನ ಮೇಲೆ ಭಾರ ಹಾಕಿ ಏಳ್ತಿದ್ದೀರಿ, ಚಪ್ಪಲಿ ಬಿಡುವಾಗಲೂ ಒಂಟಿ ಕಾಲಲ್ಲಿ ನಿಂತಿದ್ರಿ.' ಬಾಗಿಲಲ್ಲೇ ನೋಡಿಬಿಟ್ಟಿದ್ದಾರೆ! ಬಸುರಿನಲ್ಲಿ ಸೊಂಟದ ಕೀಲುಗಳ ಕಟ್ಟು ಸಡಿಲಾಗುತ್ತೆ, ಎರಡೂ ಕಡೆ ಸಮನಾಗಿ ಅಲುಗಾಡದಿದ್ದರೆ ನೋವು ಬರುತ್ತೆ, ಐದು ಜನ ಬಸುರಿಯರಲ್ಲಿ ಸುಮಾರು ಒಬ್ಬರಿಗೆ ಇದು ಇದ್ದೇ ಇರುತ್ತೆ ಅಂದರು. ನನಗೆ ಅಳು ಬಂತು. ಇದ್ದಿದ್ದೇ ಅನ್ನುವುದಕ್ಕೂ, ಇದೆ ಅಂತ ಒಪ್ಪಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಕುರ್ಚಿ ತುದಿಗೆ ಕೂತು, ಮಂಡಿಗಳ ನಡುವೆ ದಿಂಬು. ಉಸಿರು ಎಳೆದುಕೊಳ್ಳುವಾಗ ಸುಮ್ನೆ ಇರುವುದು. ಬಿಡುವಾಗ ಮೂತ್ರ ತಡೆಹಿಡಿದ ಹಾಗೆ ಒಳಗಿನ ಸ್ನಾಯು ಮೆಲ್ಲಗೆ ಮೇಲೆತ್ತಿ, ದಿಂಬನ್ನು ಒತ್ತುವುದು, ಹಿಂಡುವುದಲ್ಲ. ನಾನು ತೆಂಗಿನಕಾಯಿ ಒಡೆಯುವ ಹಾಗೆ ಒತ್ತಿದೆ. 'ಅರ್ಧ ಸಾಕು' ಅಂದರು. ಅದನ್ನೂ ಅರ್ಧಕ್ಕಿಳಿಸಿದೆ. ಆಗ, ಆಗ ಮಾತ್ರ, ಆ ಮೂಳೆಯ ಸುತ್ತ ಯಾರೋ ಪಟ್ಟಿ ಕಟ್ಟಿದ ಹಾಗೆ ಹಿತವಾಯಿತು. ಆಮೇಲೆ ಅಂಬೆಗಾಲಿನಲ್ಲಿ ನಿಂತು ಬೆನ್ನು ದುಂಡಗೆ ಮಾಡಿ ಬಿಡುವುದು. ಮಗ್ಗುಲಾಗಿ ಮಲಗಿ ಮೇಲಿನ ಮಂಡಿ ತೆರೆಯುವ ಒಂದು ವ್ಯಾಯಾಮ ಇತ್ತು, ಎರಡನೇ ಸಲಕ್ಕೇ ಚಳುಕಿತು, ಅದನ್ನು ಪಟ್ಟಿಯಿಂದಲೇ ತೆಗೆದರು. 'ನೋವು ತಿಂದು ಮಾಡೋದು ಬೇಡ. ತಲೆಸುತ್ತು, ರಕ್ತ, ನೀರು ಹೋಗೋದು, ಹೊಟ್ಟೆ ಗಟ್ಟಿಯಾಗಿ ಗಟ್ಟಿಯಾಗಿ ಬರೋದು, ಏನಾದರೂ ಕಂಡರೆ ನಿಲ್ಲಿಸಿ ಆಸ್ಪತ್ರೆಗೆ.' ಅಂಗಾತ ಮಲಗಿ ಏನನ್ನೂ ಮಾಡಿಸಲಿಲ್ಲ.

ಆಮೇಲೆ ವಾರಕ್ಕೆ ಎರಡು ದಿನ ವಿಡಿಯೋ ಕಾಲ್. ಮಳೆ ಜೋರಾದರೆ ನೆಟ್‌ವರ್ಕ್ ಇಲ್ಲ, ಆಕೆಯ ಬಾಯಿ ತೆರೆದೇ ನಿಂತಿರುತ್ತಿತ್ತು. ಎರಡು ಮೂರು ವಾರಕ್ಕೆ ಮಗ್ಗುಲು ತಿರುಗಲು ಬಂತು, ಮಂಡಿ ಎರಡೂ ಜೋಡಿಸಿಕೊಂಡು, ಯಾರನ್ನೂ ಎಬ್ಬಿಸದೆ. ನೋವು ಪೂರ್ತಿ ಹೋಗಲಿಲ್ಲ, ಜಾಸ್ತಿ ನಿಂತ ದಿನ ಸಂಜೆಗೆ ಹಾಜರ್. ಮೆಟ್ಟಿಲು ಮಾತ್ರ ಒಂದೊಂದಕ್ಕೂ ಎರಡೂ ಕಾಲಿಟ್ಟು ಹತ್ತುತ್ತಿದ್ದೆ, ಪುಟ್ಟ ಮಗುವಿನ ಹಾಗೆ.

ಅತ್ತೆ ಮೊದಲೆಲ್ಲ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಒಂದು ಸಂಜೆ ಅಕ್ಕಿ ಆರಿಸುತ್ತಾ ಕೂತವರು ತಲೆ ಎತ್ತದೆ, 'ನನಗೂ ಅಲ್ಲೇ ನೋಯ್ತಿತ್ತು ಕಣೇ, ಜಾಗ ಅಂಥದ್ದು, ಯಾರಿಗೆ ಹೇಳೋದು' ಅಂದರು. ಮಾರನೇ ಬೆಳಿಗ್ಗೆ ನೋಡಿದರೆ ಮೆಟ್ಟಿಲ ಪಾಚಿಯನ್ನೆಲ್ಲ ತೋಟದ ಆಳಿನ ಕೈಯಲ್ಲಿ ಕೆರೆಸಿ, ಸುಣ್ಣದ ಪುಡಿ ಹಾಕಿಸಿದ್ದರು.