ಪೋಪರ ಅಂಕಿ ಪತ್ರ ಓದಲು ರೋಮ್‌ಗೆ ಹೊರಟವರಿಗೆ

ಪೋಪರ ಹಳೆಯ ದಾಖಲೆಗಳನ್ನು ಇಟ್ಟಿರುವ ವ್ಯಾಟಿಕನ್ ಅಪೋಸ್ಟಾಲಿಕ್ ಆರ್ಕೈವ್ ಟಿಕೆಟ್ ಕೊಂಡು ನೋಡುವ ಮ್ಯೂಸಿಯಂ ಅಲ್ಲ. ಸ್ನಾತಕೋತ್ತರ ಪದವಿ, ಖಚಿತವಾದ ಸಂಶೋಧನೆಯ ವಿಷಯ, ವಿಶ್ವವಿದ್ಯಾಲಯದ ಪರಿಚಯ ಪತ್ರ, ಪಾಸ್‌ಪೋರ್ಟ್ ಇದ್ದರೆ ಒಳಗೆ ಬಿಡುತ್ತಾರೆ. ಶುಲ್ಕ ಇಲ್ಲ. ವ್ಯಾಟಿಕನ್‌ಗೆ ಬೇರೆ ವೀಸಾ ಬೇಡ, ಇಟಲಿಗೆ ಬೇಕಾದ ಶೆಂಗೆನ್ ವೀಸಾ ಸಾಕು. ಜುಲೈ ಮಧ್ಯದಿಂದ ಕೆಲವು ವಾರ ಬೇಸಿಗೆ ರಜೆಗೆ ಮುಚ್ಚಿರುತ್ತದೆ. ಹಾಗಾಗಿ ದಿನಾಂಕ ನೋಡಿಕೊಂಡೇ ವಿಮಾನದ ಟಿಕೆಟ್ ಮಾಡಿಸಿ. ಮೆಟ್ರೋದಲ್ಲಿ ಒಟ್ಟಾವಿಯಾನೋ ನಿಲ್ದಾಣಕ್ಕೆ ಬಂದರೆ ವ್ಯಾಟಿಕನ್‌ನ ಸಾಂತಾನ್ನಾ ಗೇಟಿಗೆ ನಡೆದೇ ಹೋಗಬಹುದು.

ನಾನು ಹುಡುಕಿ ಹೋಗಿದ್ದು 16ನೇ ಶತಮಾನದ ಗುಪ್ತ ಪತ್ರಗಳನ್ನು. ಫ್ರಾನ್ಸ್, ಸ್ಪೇನ್, ಪೋಲೆಂಡ್‌ಗಳಲ್ಲಿದ್ದ ಪೋಪರ ರಾಯಭಾರಿಗಳು ರೋಮ್‌ಗೆ ಬರೆದವು. ಪುಟದ ತುಂಬಾ ಅಕ್ಷರಗಳ ಬದಲು ಅಂಕಿಗಳು. ಕೆಲವು ಪತ್ರಗಳಲ್ಲಿ ಅಂಕಿಗಳ ನಡುವೆ ಜಾಗವೇ ಇಲ್ಲ. ಒಂದು ಕಡೆ ಒಂದಂಕಿಗೆ ಒಂದಕ್ಷರ, ಇನ್ನೊಂದು ಕಡೆ ಎರಡಂಕಿ ಸೇರಿ ಒಂದಕ್ಷರ. ಎಲ್ಲಿ ಬಿಡಿಸಬೇಕು? ಪೋಪರ ಗುಪ್ತಲಿಪಿ ಕಾರ್ಯದರ್ಶಿ ಮತ್ತೇಯೊ ಅರ್ಜೆಂಟಿಯ ಕಾಲಕ್ಕೆ ಇದಕ್ಕೊಂದು ನಿಯಮ ಇತ್ತು: ಒಂಟಿಯಾಗಿ ಬಳಸುವ ಅಂಕಿ ಜೋಡಿಯ ಮೊದಲ ಅಂಕಿ ಆಗುವಂತಿಲ್ಲ. ಯಾವ ಅಂಕಿಗೆ ಯಾವ ಅಕ್ಷರ ಅಂತ ಹೇಳುವ ಕೀಲಿ ಇದ್ದವನಿಗೆ ಸಾಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಕದ್ದು ಓದುವವನಿಗೆ ಎಲ್ಲವೂ ಗೋಜಲು.

ಇನ್ನೊಂದು ಬಗೆಯಲ್ಲಿ ಕೀಲಿ ಇದ್ದರೂ ಕಷ್ಟ ತಪ್ಪದು. ಒಂದೇ ಅಂಕಿ ಎರಡು ಅಕ್ಷರಗಳಿಗೆ ನಿಲ್ಲುತ್ತದೆ. ನಾನೇ ಒಂದು ಉದಾಹರಣೆ ಕೊಡುತ್ತೇನೆ. ಪಿ ಮತ್ತು ಟಿ ಎರಡಕ್ಕೂ 1 ಅಂತ ಇಟ್ಟುಕೊಳ್ಳಿ. ಆಗ ಅದೇ ಸಾಲನ್ನು 'ಪಾಚೆ' ಅಂತಲೂ ಓದಬಹುದು, 'ತಾಚೆ' ಅಂತಲೂ ಓದಬಹುದು. ಇಟಾಲಿಯನ್‌ನಲ್ಲಿ ಮೊದಲನೆಯದು ಶಾಂತಿ, ಎರಡನೆಯದು ಬಾಯಿ ಬಿಡುತ್ತಿಲ್ಲ ಅಂತ. ರಾಜನ ಬಗ್ಗೆ ಬರೆದ ಪತ್ರದಲ್ಲಿ ಇದು ಸಣ್ಣ ವ್ಯತ್ಯಾಸವೇ? ಹಿಂದುಮುಂದಿನ ಮಾತು ನೋಡಿಯೇ ತೀರ್ಮಾನಿಸಬೇಕು. ಅದಕ್ಕೇ ಗಣಿತಕ್ಕಿಂತ ಹಳೆಯ ಇಟಾಲಿಯನ್ ಮತ್ತು ಆ ವರ್ಷದ ರಾಜಕೀಯ ಜಾಸ್ತಿ ಕೆಲಸಕ್ಕೆ ಬರುತ್ತವೆ. ಇವನ್ನು ಕಲಿಯದೆ ಹೋಗಬೇಡಿ.

ಡಿಕೋಡ್ ಎಂಬ ಉಚಿತ ಆನ್‌ಲೈನ್ ಸಂಗ್ರಹದಲ್ಲಿ ಇಂಥ ಹಳೆಯ ಗುಪ್ತಪತ್ರಗಳ ಚಿತ್ರಗಳಿವೆ. ಮನೆಯಲ್ಲೇ ಕೂತು ಅವುಗಳ ಮೇಲೆ ಕಣ್ಣು ಪಳಗಿಸಿಕೊಳ್ಳಿ. ಆ ಕಾಲದ ಕೈಬರಹದಲ್ಲಿ 1 ಯಾವುದು, 7 ಯಾವುದು ಅಂತ ಗುರುತಿಸುವುದಕ್ಕೇ ಸಾಕಷ್ಟು ಸಮಯ ಹಿಡಿಯುತ್ತದೆ.

ಓದುವ ಕೋಣೆಗೆ ಪೆನ್ನು ಒಯ್ಯುವಂತಿಲ್ಲ. ಪೆನ್ಸಿಲ್, ಲ್ಯಾಪ್‌ಟಾಪ್ ಸಾಕು. ನೀವೇ ಫೋಟೋ ತೆಗೆಯುವಂತಿಲ್ಲ. ಪ್ರತಿ ಬೇಕಾದರೆ ದುಡ್ಡು ಕೊಟ್ಟು ಅವರಿಂದಲೇ ಮಾಡಿಸಬೇಕು, ಅದಕ್ಕೂ ಹಣ ತೆಗೆದಿಡಿ. ದಿನಕ್ಕೆ ಕೆಲವೇ ಸಂಪುಟ ಕೊಡುತ್ತಾರೆ. ಅಂದಿನ ಗುಮಾಸ್ತರೇ ಬಿಡಿಸಿ ಬರೆದ ಹಾಳೆ ಜೊತೆಗಿರುವ ಪತ್ರಗಳನ್ನು ಮೊದಲು ತರಿಸಿಕೊಳ್ಳಿ. ಅಂಕಿ ಸಾಲು, ಬಿಡಿಸಿದ ಸಾಲು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ, ಯಾರೂ ಬಿಡಿಸದೆ ಉಳಿದ ಪತ್ರಗಳಿಗೆ ಕೈ ಹಾಕಿ.