ಜೀಬ್ರಾ ಮೀನಿನ ಮೊಟ್ಟೆ, ಮೂರನೇ ಸುತ್ತು: ಬೆಳಗಿನ ಜಾವ ನಾಲ್ಕರ ಅಲಾರಂ

ಹೋದ ಎರಡು ಸಲವೂ ನಾನು ಎದ್ದು ನೋಡುವಷ್ಟರಲ್ಲಿ ಮೊಟ್ಟೆಯೊಳಗೆ ಮರಿ ಆಗಲೇ ಒದ್ದಾಡುತ್ತಿತ್ತು. ಮೊದಲ ಅಲುಗಾಟ ತಪ್ಪಿಹೋಗಿತ್ತು. ಈ ಸಲ ಅದನ್ನು ಹಿಡಿಯಲೇಬೇಕು ಅಂತ ಹಟ ಹಿಡಿದೆ.

ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಅದೇ ಪಟ್ಟೆ ಪಟ್ಟೆ ಮೀನು ಇದು. ಮೊಟ್ಟೆ ಗಾಜಿನ ಹಾಗೆ, ಒಳಗೆ ನಡೆಯುವುದೆಲ್ಲ ಕಾಣುತ್ತದೆ. ಕೋಳಿ ಮೊಟ್ಟೆಯಾದರೆ ಸಿಪ್ಪೆಗೆ ಕಿಂಡಿ ಕೊರೆಯಬೇಕು, ಅದು ನನ್ನ ಕೈಲಾಗದ ಕೆಲಸ.

ಶನಿವಾರ. ಹಿಂದಿನ ರಾತ್ರಿಯೇ ತೊಟ್ಟಿಯ ತಳಕ್ಕೆ ಗೋಲಿ ಹರಡಿದ್ದೆ. ಇಲ್ಲದಿದ್ದರೆ ಅಪ್ಪ ಅಮ್ಮನೇ ಮೊಟ್ಟೆ ತಿಂದು ಮುಗಿಸುತ್ತಾರೆ. ಆರೂವರೆಗೆ ಲೈಟ್ ಹಾಕಿದೆ, ಏಳಕ್ಕೆಲ್ಲ ಮೊಟ್ಟೆ ಬಿದ್ದಿತ್ತು. ಅರವತ್ತರ ಹತ್ತಿರ ಸಿಕ್ಕವು. ಸಂಜೆಗೆ ಇಪ್ಪತ್ತು ಬೆಳ್ಳಗಾಗಿದ್ದವು, ಅಂದರೆ ಕಟ್ಟದ ಮೊಟ್ಟೆಗಳು. ಅವನ್ನು ಎತ್ತಿ ಎಸೆದೆ, ಬಿಟ್ಟರೆ ಬೂಷ್ಟು ಹಿಡಿದು ಉಳಿದವನ್ನೂ ಕೆಡಿಸುತ್ತದೆ.

ಇನ್ನು ಲೆಕ್ಕ. ಹಿಂದೆ ಎಡವಿದ್ದು ಇಲ್ಲೇ. ಪುಸ್ತಕಗಳಲ್ಲಿ ಕೊಡುವ ಗಂಟೆಗಳೆಲ್ಲ 28.5 ಡಿಗ್ರಿ ನೀರಿಗೆ. ನನ್ನ ಬಟ್ಟಲಿನ ನೀರು 25. ತಣ್ಣಗಿದ್ದರೆ ಬೆಳವಣಿಗೆ ನಿಧಾನ. ಇದಕ್ಕೊಂದು ಸೂತ್ರ ಇದೆ: ಡಿಗ್ರಿಯನ್ನು 0.055ರಿಂದ ಗುಣಿಸಿ, 0.57 ಕಳೆಯಿರಿ. ಬಂದದ್ದರಿಂದ ಪುಸ್ತಕದ ಗಂಟೆಯನ್ನು ಭಾಗಿಸಿ. ಮೊದಲ ಅಲುಗಾಟ ಪುಸ್ತಕದಲ್ಲಿ 17ನೇ ಗಂಟೆಗೆ. ನನಗದು 21. ಅಂದರೆ ಭಾನುವಾರ ಬೆಳಗಿನ ಜಾವ ನಾಲ್ಕು. ಸುಮ್ನೆ ಅಲ್ಲ ಎರಡು ಸಲ ತಪ್ಪಿಸಿಕೊಂಡದ್ದು!

ಭಾನುವಾರ, 3:50. ಎಂಟು ಮೊಟ್ಟೆಗಳನ್ನು ಯುಎಸ್‌ಬಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಏನೂ ಇಲ್ಲ. ಹಳದಿ ಉಂಡೆಗೆ ಸುತ್ತಿಕೊಂಡ ಬಿಳಿ ದಾರದಂಥ ಮೈ, ಅಷ್ಟೇ. 4:25ಕ್ಕೆ ಒಂದರ ಬಾಲ ಎಡಕ್ಕೆ ಒಮ್ಮೆ ಎಳೆದು ಬಿಟ್ಟಿತು. ಕಣ್ಣಿನ ಭ್ರಮೆಯೇನೋ ಅಂದುಕೊಂಡೆ. ಅರ್ಧ ನಿಮಿಷ ಬಿಟ್ಟು ಬಲಕ್ಕೆ. ಆಮೇಲೆ ಪಕ್ಕದ್ದೂ ಶುರು ಮಾಡಿತು. ಆ ಹೊತ್ತಿಗೆ ಹೃದಯ ಇನ್ನೂ ಬಡಿಯಲು ಶುರುವಾಗಿಲ್ಲ, ಅದು ಬಡಿದದ್ದು ಮಧ್ಯಾಹ್ನ!

ಆರೂವರೆಗೆ ಅಮ್ಮ ಕಾಫಿ ತಂದು ಲ್ಯಾಪ್‌ಟಾಪ್ ಇಣುಕಿದರು. "ಯಾರೂ ಮುಟ್ಟಿಲ್ಲ, ಅದ್ಯಾಕೋ ಹಂಗೆ ಹೊರಳ್ತಿದೆ?"

ಸರಿಯಾದ ಪ್ರಶ್ನೆ. ಮಾಂಟ್ರಿಯಲ್‌ನ ಲೂಯಿ ಸೇಂಟ್-ಅಮಾಂ ಮತ್ತು ಪಿಯರ್ ದ್ರಪೋ 1998ರಲ್ಲಿ ಇದನ್ನೇ ಅಳೆದರು. ಮೆದುಳಿನ ಸಂಪರ್ಕ ಕಡಿದರೂ ಹೊರಳಾಟ ನಿಲ್ಲಲಿಲ್ಲ. ಬೆನ್ನುಹುರಿ ಒಂದೇ ಸಾಕು. ಅಲ್ಲಿನ ಕೆಲವು ನರಕೋಶಗಳು ತಮ್ಮಷ್ಟಕ್ಕೆ ತಾವೇ ಮಿಡಿಯುತ್ತವೆ. ಅಕ್ಕಪಕ್ಕದ ಕೋಶಗಳ ನಡುವೆ ಸಣ್ಣ ಸಣ್ಣ ಕಿಂಡಿಗಳಿದ್ದು, ವಿದ್ಯುತ್ತು ನೇರವಾಗಿ ದಾಟುತ್ತದೆ. ಒಂದು ಪಕ್ಕದವು ಒಟ್ಟಿಗೆ ಮಿಡಿದರೆ ಆ ಪಕ್ಕದ ಸ್ನಾಯು ಬಿಗಿಯುತ್ತದೆ, ಆಮೇಲೆ ಇನ್ನೊಂದು ಪಕ್ಕದ ಸರದಿ. ಮುಟ್ಟಿದರೆ ಗೊತ್ತಾಗುವುದು ಪುಸ್ತಕದ ಪ್ರಕಾರ 21ನೇ ಗಂಟೆಗೆ, ನನ್ನ ಲೆಕ್ಕದಲ್ಲಿ ಒಂಬತ್ತು ಗಂಟೆಗೆ. ಅಂದರೆ ಅಲುಗಾಟ ಮೊದಲು, ಸ್ಪರ್ಶ ಆಮೇಲೆ.

ಕೋಳಿಮರಿಯಲ್ಲೂ ಹೀಗೇ. ವಿಲಿಯಂ ಪ್ರೇಯರ್ 1885ರಲ್ಲೇ ಇದನ್ನು ಬರೆದಿದ್ದ. ಮೊಟ್ಟೆಯೊಳಗಿನ ಕೋಳಿ ಮೂರೂವರೆ ದಿನಕ್ಕೇ ಅಲುಗುತ್ತದೆ, ಮುಟ್ಟಿದ್ದಕ್ಕೆ ತಿರುಗುವುದು ಏಳು ದಿನ ದಾಟಿದ ಮೇಲೆ.

ಓದಿದ್ದು ಸಾಕಾಗಲಿಲ್ಲ, ನೋಡಬೇಕಿತ್ತು. ಎರಡು ಇನ್ಸುಲಿನ್ ಸೂಜಿಯಲ್ಲಿ ಮೊಟ್ಟೆಯ ಹೊರಗಿನ ಚೀಲ ಹರಿಯಲು ಹೋಗಿ ಮೂರು ಮರಿ ಹಾಳು ಮಾಡಿದೆ. ಬೇಜಾರಾಯಿತು. ನಾಲ್ಕನೆಯದು ಇಡಿಯಾಗಿ ಹೊರಬಂತು. ಟೂತ್‌ಪಿಕ್ ತುದಿಗೆ ನನ್ನದೇ ಒಂದು ರೆಪ್ಪೆಕೂದಲು ಅಂಟಿಸಿಕೊಂಡಿದ್ದೆ. ಎಂಟು ಗಂಟೆಗೆ ಐದು ಸಲ ತಾಗಿಸಿದೆ, ಪ್ರತಿ ಸಲವೂ ಅದು ಸುಮ್ಮನಿರುವಾಗ ಕಾದು. ತಾಗಿಸಿದ್ದಕ್ಕೆ ಅಂತ ಒಂದೂ ಅಲುಗಲಿಲ್ಲ, ತನಗೆ ಬೇಕಾದಾಗ ಹೊರಳುತ್ತಿತ್ತು. ಹತ್ತು ಗಂಟೆಗೆ ಮತ್ತೆ ಐದು ಸಲ. ನಾಲ್ಕರಲ್ಲಿ ತಕ್ಷಣ ಜೋರಾಗಿ ಸುತ್ತಿಕೊಂಡಿತು. ಒಂದೇ ಮರಿ, ಹತ್ತೇ ಸಲ, ಇದನ್ನು ಪುರಾವೆ ಅನ್ನಲಾಗದು. ಆದರೂ ಖುಷಿಗೆ ಅಮ್ಮನನ್ನು ಮತ್ತೆ ಕರೆದು ತೋರಿಸಿದೆ.

ತಲೆ ಕೆಡಿಸಿದ್ದು ಎಣಿಕೆ. ಹೊರಳಾಟ ಜೋರಾಗಿದ್ದಾಗಲೂ ನಿಮಿಷಕ್ಕೆ 11 ದಾಟಲಿಲ್ಲ. ಆ 1998ರ ಅಳತೆಯಲ್ಲಿ ಹೆಚ್ಚು ಕಡಿಮೆ ಸೆಕೆಂಡಿಗೊಂದು! ತಣ್ಣನೆ ನೀರು ಒಂದು ಕಾರಣ ಇರಬಹುದು. ಇನ್ನೊಂದು ಅನುಮಾನ ಮೈಕ್ರೋಸ್ಕೋಪಿನ ಬಿಳಿ ಎಲ್‌ಇಡಿ ಮೇಲೆ. ಈ ಮರಿಗಳ ಬೆನ್ನುಹುರಿಯಲ್ಲೇ ಬೆಳಕು ಹಿಡಿಯುವ ಪ್ರೋಟೀನ್ ಇದೆ. ಹಸಿರು ಬೆಳಕು ಬಿದ್ದರೆ ಹೊರಳಾಟ ಕಡಿಮೆಯಾಗುತ್ತದೆ ಅಂತ 2015ರಲ್ಲಿ ತೋರಿಸಿದ್ದಾರೆ. ಬಿಳಿ ಬೆಳಕಿನಲ್ಲಿ ಹಸಿರೂ ಇರುತ್ತದೆ ಅಲ್ವಾ? ನೋಡಲು ಹಾಕಿದ ಲೈಟೇ ನೋಡಬೇಕಾದ್ದನ್ನು ತಡೆಯುತ್ತಿತ್ತೋ ಏನೋ.

ಮಂಗಳವಾರ ಬೆಳಿಗ್ಗೆ ಮೊದಲ ಮರಿಗಳು ಒಡೆದು ಹೊರಬಂದವು. ರೆಪ್ಪೆಕೂದಲಿನದ್ದೂ ಬದುಕಿದೆ.

ಮುಂದಿನ ಶನಿವಾರಕ್ಕೆ ಹೀಟರ್ ತಂದಿದ್ದೇನೆ. ಎಲ್‌ಇಡಿಗೆ ಸುತ್ತಲು ಕೆಂಪು ಗ್ಲಾಸ್ ಪೇಪರ್ ಕೂಡ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಬರೀ ಪೇಪರ್, ನೀರು 25ರಲ್ಲೇ ಇರಲಿ. ಅಲಾರಂ ಮತ್ತೆ ಜಾವ ನಾಲ್ಕಕ್ಕೇ.