ನಮೀಬ್ ಮರಳುಗಾಡು ನೋಡೋಕೆ ಹೊರಟಿದ್ದೀರಾ? ಬೆಳಿಗ್ಗೆ ಬೇಗ ಏಳಿ

ನಮೀಬಿಯಾಕ್ಕೆ ಹೋದವರು ಆನೆ, ಸಿಂಹ ನೋಡಲು ಸೀದಾ ಎಟೋಶಾ ರಾಷ್ಟ್ರೀಯ ಉದ್ಯಾನದ ಕಡೆ ಓಡುತ್ತಾರೆ. ತಪ್ಪೇನಿಲ್ಲ. ಆದರೆ ಕರಾವಳಿ ಪಟ್ಟಣ ಸ್ವಾಕೊಪ್‌ಮುಂಡ್‌ಗೂ ಒಂದೆರಡು ದಿನ ಇಟ್ಟುಕೊಳ್ಳಿ. ನಮೀಬ್ ಮರಳುಗಾಡು ಸಮುದ್ರದ ಅಂಚಿಗೇ ಬಂದು ನಿಲ್ಲುವ ಜಾಗ ಅದು.

ಮೊದಲು ಬಟ್ಟೆ ವಿಷಯ. ದಪ್ಪ ಜಾಕೆಟ್ ಬೇಕೇ ಬೇಕು. ಮರಳುಗಾಡು ಅಂದ್ರೆ ಬರೀ ಸೆಕೆ ಅಂದುಕೊಂಡು ಬಂದವರು ಬೆಳಿಗ್ಗೆ ಗಡಗಡ ನಡುಗುತ್ತಿದ್ದರು. ತೀರದುದ್ದಕ್ಕೂ ಬೆಂಗ್ವೆಲಾ ಅನ್ನುವ ತಣ್ಣನೆಯ ಸಾಗರ ಪ್ರವಾಹವಿದೆ. ಅದರ ಮೇಲೆ ಹಾದುಬರುವ ತೇವದ ಗಾಳಿ ತಣಿದು ಮಂಜಾಗಿ ಒಳಗೆ ನುಗ್ಗುತ್ತದೆ. ಇಲ್ಲಿ ಮಳೆ ವರ್ಷಕ್ಕೆ ಸರಾಸರಿ 25 ಮಿಲಿಮೀಟರೂ ಬೀಳುವುದಿಲ್ಲ. ಹಾಗಾಗಿ ಎಷ್ಟೋ ಜೀವಿಗಳಿಗೆ ಈ ಮಂಜೇ ಕುಡಿಯುವ ನೀರು.

ಅದಕ್ಕೇ ಬೆಳಗಿನ ಟೂರ್ ಆರಿಸಿಕೊಳ್ಳಿ, ಗೈಡ್ ಜೊತೆಗೇ ಹೋಗಿ. ನಾವು ನೋಡಿದರೆ ಬರೀ ಮರಳು, ಅವರಿಗೆ ಅದರಲ್ಲಿ ಹೆಜ್ಜೆಗಳು ಕಾಣುತ್ತವೆ. ನಮ್ಮ ಗೈಡ್ ಮರಳಿನಲ್ಲಿ ಕೈಯಾಡಿಸಿ ಪಾಲ್ಮಾಟೊ ಹಲ್ಲಿಯೊಂದನ್ನು ಹೊರತೆಗೆದರು. ಒಳಗಿನದೆಲ್ಲ ಕಾಣುವಷ್ಟು ತೆಳು ಚರ್ಮ. ಮರಳು ತೋಡಲು ಬೆರಳುಗಳ ನಡುವೆ ಬಾತುಕೋಳಿಗಿರುವಂಥ ಪೊರೆ. ಕಣ್ಣಿಗೆ ರೆಪ್ಪೆಯೇ ಇಲ್ಲ. ನಾಲಿಗೆ ಚಾಚಿ ಕಣ್ಣನ್ನೇ ನೆಕ್ಕಿಕೊಂಡಿತು! ಧೂಳೂ ಹೋಯಿತು, ಕೂತಿದ್ದ ಮಂಜಿನ ಹನಿಯೂ ಸಿಕ್ಕಿತು. ರಾತ್ರಿ ಓಡಾಡುವ ಜೀವಿ ಇದು, ಬಿಸಿಲು ತಡೆಯದು. ಫೋಟೋ ಬೇಗ ತೆಗೆದು ವಾಪಸ್ ಬಿಡಲು ಬಿಡಿ.

ಮಂಜಿದ್ದ ದಿನ ದಿಬ್ಬದ ನೆತ್ತಿಯಲ್ಲಿ ಕಪ್ಪು ಜೀರುಂಡೆ ತಲೆ ಕೆಳಗೆ, ಹಿಂಭಾಗ ಮೇಲೆ ಮಾಡಿ ನಿಂತಿರುತ್ತದೆ. ಬೆನ್ನ ಮೇಲೆ ಕೂತ ಹನಿ ಜಾರಿ ಬಾಯಿಗೇ ಬರುತ್ತದೆ. ಪೆರಿಂಗ್ವೆ ಹಾವು ಮರಳಲ್ಲಿ ಹೂತುಕೊಂಡು ಹಲ್ಲಿಗಾಗಿ ಕಾಯುತ್ತದೆ. ಕಣ್ಣು ನೆತ್ತಿಯ ಮೇಲಿರುವುದರಿಂದ ಅಷ್ಟು ಮಾತ್ರ ಹೊರಗೆ. ವಿಷದ ಹಾವು, ಆದ್ದರಿಂದ ಗೈಡ್ ನಡೆದಲ್ಲೇ ನಡೆಯಿರಿ, ಸುಮ್ನೆ ಅತ್ತಿತ್ತ ಹೋಗಬೇಡಿ. ನಮಾಕ್ವಾ ಗೋಸುಂಬೆ ಚಳಿಗೆ ಕಪ್ಪಾಗಿ ಬಿಸಿಲು ಹೀರುತ್ತದೆ, ಸೆಕೆ ಏರಿದ ಹಾಗೆ ಬೆಳ್ಳಗಾಗುತ್ತದೆ. ಬಿಸಿಲೇರಿದ ಮೇಲೆ ಸಲಿಕೆ ಮೂತಿಯ ಹಲ್ಲಿಯ ಕುಣಿತ ನೋಡಬೇಕು. ಕಾದ ಮರಳಿಂದ ಎರಡೆರಡು ಕಾಲು ಎತ್ತಿ ಬದಲಾಯಿಸುತ್ತದೆ, ತಾಳದೇ ಹೋದರೆ ತಲೆ ಮುಂದೆ ಮಾಡಿ ಒಳಗೆ ಧುಮುಕುತ್ತದೆ.

ಬಾಡಿಗೆ ಗಾಡಿ ಇದೆ ಅಂತ ದಾರಿ ಬಿಟ್ಟು ಬಯಲಿಗೆ ಇಳಿಸಬೇಡಿ. ಟೈರ್ ಗುರುತು ಎಷ್ಟೋ ದಶಕ ಅಳಿಯುವುದಿಲ್ಲ. ಡಮಾರಾ ಟರ್ನ್ ಹಕ್ಕಿ ಗೂಡು ಕಟ್ಟದೆ ಜಲ್ಲಿನೆಲದ ಮೇಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಕಲ್ಲಿನ ಬಣ್ಣದ್ದೇ ಆದ್ದರಿಂದ ಗಾಡಿಯಲ್ಲಿ ಕೂತವರಿಗೆ ಕಾಣುವುದೇ ಇಲ್ಲ.

ಮಧ್ಯಾಹ್ನ ದಕ್ಷಿಣಕ್ಕೆ ವಾಲ್ವಿಸ್ ಬೇ ಹಿನ್ನೀರಿಗೆ ಹೋದರೆ ರಾಜಹಂಸಗಳು (ಫ್ಲೆಮಿಂಗೋ) ಸಿಗುತ್ತವೆ, ಅರ್ಧ ಗಂಟೆ ದಾರಿ. ಕೇಪ್ ಕ್ರಾಸ್‌ನ ಸೀಲ್ ಎಂಬ ಕಡಲ ಪ್ರಾಣಿಗಳು ಉತ್ತರಕ್ಕೆ ಸುಮಾರು 120 ಕಿ.ಮೀ. ದೂರ. ಮರಿಗಳನ್ನು ನೋಡಬೇಕಿದ್ದರೆ ನವೆಂಬರ್, ಡಿಸೆಂಬರ್ ಒಳ್ಳೆಯದು. ಆಗ ಆ ಮರಿಗಳನ್ನು ಹಿಡಿಯಲು ಗುಳ್ಳೆನರಿಗಳೂ ಸುತ್ತುತ್ತಿರುತ್ತವೆ, ಮರಳುಗಾಡಿನ ಪ್ರಾಣಿಗೆ ಸಮುದ್ರವೇ ಊಟ ಹಾಕುತ್ತದೆ. ವಾಸನೆ ಮಾತ್ರ ಭಯಂಕರ, ಮೂಗಿಗೆ ಬಟ್ಟೆ ಇರಲಿ. ಹೊರಡುವ ಮುಂಚೆ ಸ್ವಾಕೊಪ್‌ಮುಂಡ್‌ನಲ್ಲೇ ಟ್ಯಾಂಕ್ ತುಂಬಿಸಿ, ನೀರು ಜಾಸ್ತಿ ಇಟ್ಟುಕೊಳ್ಳಿ.